ರಿವಾಲ್ವರ್ ಹಿಡಿಗೆ ಕಟಗಿ ಆರಿಸುವಾಗ ನಾನು ನೋಡುವುದು

ರಿವಾಲ್ವರಿಗೆ ಕಟಗಿ ಹಿಡಿ ಮಾಡಿಸಲು ಬರುವವರು ಮೊದಲು ಬಣ್ಣ ಕೇಳುತ್ತಾರೆ. "ಬೀಟೇದಾಗ ಮಾಡ್ರಿ ಮೇಸ್ತ್ರಿ, ಕರ್ರಗ ಮಿಂಚಬೇಕು ನೋಡ್ರಿ." ಆಯ್ತ್ರೀ ಅನ್ನುತ್ತೇನೆ, ಆದರೆ ನನ್ನ ಕಣ್ಣು ಕಟಗಿಯ ಎಳೆ ಯಾವ ಕಡೆ ಓಡಿದೆ ಅನ್ನುವುದರ ಮೇಲೇ ಇರುತ್ತದೆ. ಬಣ್ಣದ ಮಾತು ಆಮೇಲೆ.

ಆಯುಧ ನನ್ನ ಮನೆಗೆ ಬರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ರಿಪೇರಿ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯೊಂದಕ್ಕೆ ನಾನು ಕಟಗಿ ಕೆಲಸ ಮಾಡಿಕೊಡುತ್ತೇನೆ. ಮಾಲೀಕರು ಲೈಸೆನ್ಸ್ ಹಿಡಿದು ಅಲ್ಲಿಗೇ ಬಂದು, ಗುಂಡು ತೆಗೆದು ತೋರಿಸಬೇಕು. ಅಳತೆ, ಜೋಡಣೆ ಎಲ್ಲಾ ಅಲ್ಲೇ. ಹೆಚ್ಚಾಗಿ ಬರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ಬೋರಿನ (ನಳಿಗೆಯ ಅಳತೆ) ರಿವಾಲ್ವರ್. ಸುಮಾರು 700 ಗ್ರಾಂ ತೂಕ, ಹಿಂದಕ್ಕೆ ಒದೆಯುವುದು ಕಡಿಮೆ. ಅದರ ಹಿಡಿ ಸೀಳಿ ಬಂದರೆ ನಾನು ಗುಂಡಿನ ಹೊಡೆತವನ್ನು ದೂರುವುದಿಲ್ಲ. ಎಳೆ, ಹಸಿ, ಸ್ಕ್ರೂ ಈ ಮೂರರಲ್ಲಿ ಒಂದನ್ನು ಹುಡುಕುತ್ತೇನೆ.

ಹಿಡಿ ಅಂದರೆ ರಿವಾಲ್ವರಿನ ಚೌಕಟ್ಟಿನ ಎರಡೂ ಮಗ್ಗುಲಿಗೆ ಒಂದೊಂದು ಹೋಳು. ನಡುವೆ ಹಾಯುವ ಒಂದು ಸ್ಕ್ರೂ, ಕೆಳಗೆ ಅಲುಗದಂತೆ ಹಿಡಿಯಲು ಸಣ್ಣ ಪಿನ್. ಕೆಳಹೊಟ್ಟೆ ದಪ್ಪ, ಮೇಲೆ ಹೋದಂತೆ ತೆಳುವಾಗಿ ತುದಿ ಕೋಡಿನ ಹಾಗೆ ಬಾಗುತ್ತದೆ. ಆ ಕೋಡಿಗೆ ಎಳೆ ಅಡ್ಡ ಬಂತೋ, ಬೆರಳಿನಿಂದ ಒತ್ತಿದರೂ ಹಪ್ಪಳದ ಹಾಗೆ ಮುರಿಯುತ್ತದೆ. ಹಿಡಿಯೇ ಬಾಗಿರುವುದರಿಂದ ಎಳೆ ಪೂರ್ತಿ ಉದ್ದಕ್ಕೂ ನೆಟ್ಟಗೆ ಸಿಗುವುದಿಲ್ಲ, ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕು. ನಾನು ಬಿಟ್ಟುಕೊಡುವುದು ಹೊಟ್ಟೆಯ ಕಡೆ. ಗಂಟು, ಸುಳಿ, ಚಿತ್ತಾರ ಏನಿದ್ದರೂ ಅಲ್ಲಿ ಬರಲಿ. ಕೋಡು ಮತ್ತು ಸ್ಕ್ರೂ ತೂತಿನ ಸುತ್ತ ಎಳೆ ನೇರವಾಗಿರಬೇಕು.

ಇದಕ್ಕೆ ಹಳೆಯ ಎಕ್ಸ್-ರೇ ಹಾಳೆ ಬಹಳ ಉಪಯೋಗ. ಬಿಸಿನೀರಿನಲ್ಲಿ ನೆನೆಸಿ ತಿಕ್ಕಿದರೆ ಕಪ್ಪು ಹೋಗಿ ಪಾರದರ್ಶಕ ಆಗುತ್ತದೆ. ಅದರಲ್ಲಿ ಹಿಡಿಯ ಆಕಾರ ಕತ್ತರಿಸಿಕೊಂಡು, ಹಲಗೆಯ ಮೇಲೆ ಒದ್ದೆ ಬಟ್ಟೆ ಆಡಿಸಿ, ಎಳೆ ಎದ್ದು ಕಂಡಾಗ ಹಾಳೆಯನ್ನು ಅತ್ತ ಇತ್ತ ತಿರುಗಿಸುತ್ತ ಕೂರುವುದು. ಒಂದು ಹೋಳಿಗೆ ಜಾಗ ಸಿಕ್ಕರೆ ಅದೇ ತುಂಡನ್ನು ನಡುವೆ ಸೀಳಿ ಎರಡನೆಯದನ್ನೂ ತೆಗೆಯುತ್ತೇನೆ. ಆಗ ಎರಡೂ ಮಗ್ಗುಲು ಜೋಡಿಯಾಗಿ ಕಾಣುತ್ತವೆ, ಹಿಗ್ಗುವುದು ಕುಗ್ಗುವುದೂ ಒಂದೇ ಸಮ.

ತುಂಡಿನ ತುದಿಯ ಮುಖದಲ್ಲಿ ವರ್ಷದ ಉಂಗುರಗಳನ್ನೂ ನೋಡಬೇಕು. ಉಂಗುರದ ಗುಂಟ ಕಟಗಿ ಕುಗ್ಗುವುದು ಸಾಮಾನ್ಯವಾಗಿ ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಹತ್ತಿರ ಹತ್ತಿರ ಎರಡು ಪಟ್ಟು. ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತ ತುಂಡು ಸೊಟ್ಟ ಆಗುವುದು ಕಡಿಮೆ.

ಇನ್ನು ಮರದ ಜಾತಿ. ಬೀಟೆ ಗಟ್ಟಿ, ತೂಕ, ಅಂದ ಎಲ್ಲಾ ಸರಿ. ಅದರ ಧೂಳು ಮಾತ್ರ ಕೆಲವರಿಗೆ ಮೈ ತುರಿಕೆ ತರುತ್ತದೆ, ಮಾಸ್ಕ್ ಇಲ್ಲದೆ ಉಜ್ಜಬೇಡಿ. ದಾಂಡೇಲಿ ಡಿಪೋದ ಮಾಲಾಗಲಿ ಫರ್ನಿಚರ್ ಅಂಗಡಿಯ ಚೂರಾಗಲಿ, ಬೀಟೆಗೂ ಸಾಗವಾನಿಗೂ ಬಿಲ್ ಇರಲೇಬೇಕು. ಬಿಲ್ ಇಲ್ಲದ ತುಂಡು ಎಷ್ಟೇ ಚಂದ ಇರಲಿ, ನಾನು ಮುಟ್ಟುವುದಿಲ್ಲ. ಸಾಗವಾನಿ ಕಲಘಟಗಿ ತೊಟ್ಟಿಲಿಗೆ ಒಪ್ಪಿದ ಮರ, ಮಳೆ ಬಿಸಿಲಿಗೆ ಅಲುಗುವುದಿಲ್ಲ. ಆದರೆ ಅದರೊಳಗಿನ ಸಿಲಿಕಾ ಉಳಿಯ ಬಾಯಿ ಮೊಂಡು ಮಾಡುತ್ತದೆ, ರಂಧ್ರಗಳೂ ದೊಡ್ಡವು. ಹಿಡಿತಕ್ಕೆಂದು ಸಣ್ಣ ಚೌಕಳಿ ಗೆರೆ ಕೊರೆದರೆ ಮೊನೆಗಳು ಉದುರುತ್ತವೆ. ಸಾಗವಾನಿ ಹಿಡಿ ಬೇಕೆಂದರೆ ನುಣುಪಾಗಿಯೇ ಮಾಡಿಕೊಡುತ್ತೇನೆ. ಚೌಕಳಿಗೆ ಕಾಶ್ಮೀರದ ಅಖ್ರೋಟಿನಷ್ಟು ಹೇಳಿಮಾಡಿಸಿದ ಕಟಗಿ ಬೇರೆ ಇಲ್ಲ. ನಮ್ಮ ಕಡೆ ಸಿಗುವುದು ಅಪರೂಪ, ಸಿಕ್ಕರೆ ದುಬಾರಿ. ಮಾವು ತಂದವರನ್ನು ಚಹಾ ಕುಡಿಸಿ ಕಳಿಸುತ್ತೇನೆ.

ನನ್ನ ಮನಸ್ಸಿಗೆ ಬಂದದ್ದು ಜಾಲಿ, ಅದೂ ಹಳೆಯ ಚಕ್ಕಡಿ ಗಾಲಿಯದು. ಟೈರಿನ ಗಾಡಿ, ಟ್ರ್ಯಾಕ್ಟರ್ ಬಂದ ಮೇಲೆ ಕುಂದಗೋಳ, ನವಲಗುಂದದ ಕಡೆ ಹಿತ್ತಲುಗಳಲ್ಲಿ ಗಾಲಿಗಳು ಬಿದ್ದಿರುತ್ತವೆ. ಎತ್ತಿನ ಹೊರೆ, ಎರೆಮಣ್ಣಿನ ಕೆಸರು, ಬೇಸಿಗೆಯ ಬಿಸಿಲು ಎಲ್ಲಾ ಕಂಡ ಕಟಗಿ ಅದು. ಒಡೆಯುವುದಿದ್ದರೆ ಯಾವಾಗಲೋ ಒಡೆದಿರುತ್ತಿತ್ತು. ಹೊರಗೆ ಬೂದಿ ಬಣ್ಣ. ರಂದಾ ಹೊಡೆದರೆ ಒಳಗೆ ಕಂದುಗೆಂಪು. ಮೊಳೆ ಹೊಡೆದಲ್ಲಿ ನೀಲಿಗಪ್ಪು ಕಲೆ ಇರುತ್ತದೆ, ಜಾಲಿಯ ಒಗರಿಗೆ ಕಬ್ಬಿಣ ಸೇರಿ ಆದದ್ದು. ಆ ಒಗರು ರಿವಾಲ್ವರಿನ ಉಕ್ಕಿಗೂ ಒಳ್ಳೆಯದಲ್ಲ, ತೇವ ಸೇರಿದರೆ ತುಕ್ಕು ತರುತ್ತದೆ. ಅದಕ್ಕೇ ಹಿಡಿಯ ಒಳಮುಖಕ್ಕೂ, ಸ್ಕ್ರೂ ತೂತಿನ ಒಳಗೂ ಎಣ್ಣೆ ಕುಡಿಸಿ ಮುಚ್ಚಬೇಕು. ಬಹಳ ಮಂದಿ ಹೊರಗಷ್ಟೇ ಮಿಂಚಿಸಿ ಬಿಡುತ್ತಾರೆ.

ಹೊಸದಾಗಿ ಕೊಯ್ಸಿದ ತುಂಡಾದರೆ ಎರಡೂ ತುದಿಗೆ ಮೇಣ ಹಚ್ಚಿ ನೆರಳಲ್ಲಿ ಇಡುತ್ತೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಆಗಾಗ ತೂಗಿ, ಗ್ರಾಂ ಮತ್ತು ತಾರೀಖನ್ನು ಕಟಗಿಯ ಮೇಲೇ ಪೆನ್ಸಿಲಿನಲ್ಲಿ ಬರೆಯುವುದು. ತೂಕ ಇಳಿಯುವುದು ನಿಂತ ಮೇಲೇ ಗರಗಸ. ಮಳೆಗಾಲದಲ್ಲಿ ನಿಂತರೆ ನಂಬಬೇಡಿ, ಶಿವರಾತ್ರಿ ದಾಟಿದ ಮೇಲೆ ಮತ್ತೆ ತೂಗಿ.

ಜೋಡಿಸುವಾಗ ಚೌಕಟ್ಟಿಗೆ ತೆಳ್ಳಗೆ ಕಾಡಿಗೆ ಸವರಿ ಹೋಳನ್ನು ಒತ್ತುತ್ತೇನೆ. ಕಪ್ಪು ಹತ್ತಿದ ಕಡೆಯಷ್ಟೇ ಕಾನಸು (ಅರ) ಆಡಿಸಬೇಕು. ಬೀಟೆಯ ಮೇಲೆ ಕಾಡಿಗೆ ಕಾಣದು, ಅಲ್ಲಿ ಲಿಪ್‌ಸ್ಟಿಕ್ಕೇ ಗತಿ. ಅಂಗಡಿಗೆ ಹೋಗಿ ಅದನ್ನು ಕೊಳ್ಳುವಾಗಿನ ಮುಜುಗರ ನನಗೇ ಗೊತ್ತು. ಕೊನೆಗೆ ಅಗಸಿ ಎಣ್ಣೆ, ತೆಳುವಾಗಿ, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನೇ ಕಾದು ಬೆಂಕಿ ಹತ್ತಬಹುದು. ಬಿಚ್ಚಿ ಹರವಿ ಒಣಗಿಸಿ.

ಚುನಾವಣೆ ಬಂದರೆ ಆಯುಧಗಳನ್ನು ಠಾಣೆಯಲ್ಲಿ ಜಮಾ ಮಾಡಿಸುತ್ತಾರೆ. 2023ರ ವಿಧಾನಸಭೆ, 2024ರ ಲೋಕಸಭೆ, ಎರಡೂ ಬಂದದ್ದು ಬೇಸಿಗೆಯಲ್ಲೇ. ವಾಪಸ್ ಬಂದಾಗ ಕಟಗಿ ಒಣಗಿ ಕುಗ್ಗಿ, ಸ್ಕ್ರೂ ಸಡಿಲ ಅನ್ನಿಸುತ್ತದೆ. "ಒಂಚೂರು ತಿರುವಿದೆ ನೋಡ್ರಿ" ಅಂತ ಆಮೇಲೆ ಬರುತ್ತಾರೆ. ಬೇಸಿಗೆಯಲ್ಲಿ ಬಿಗಿದ ಸ್ಕ್ರೂ ಮಳೆಗಾಲದಲ್ಲಿ ಕಟಗಿಗೆ ಹಿಗ್ಗಲು ಜಾಗ ಬಿಡುವುದಿಲ್ಲ, ಸೀಳು ತೂತಿನಿಂದಲೇ ಶುರು. ಸಡಿಲ ಕಂಡರೆ ಸ್ಕ್ರೂ ತಲೆ ಕೂರುವಷ್ಟು ಮಾತ್ರ ತಿರುವಿ. ಅಷ್ಟಕ್ಕೂ ಹೋಳು ಅಲುಗುತ್ತಿದ್ದರೆ ಅಂಗಡಿಗೆ ತನ್ನಿ, ಪಿನ್ನಿನ ಕಡೆ ಸರಿಮಾಡಿ ಕೊಡುತ್ತೇನೆ.