ಗೋಲ್ದೊನಿಯ ಆಳು ಬಿಜಾಪುರದ ಖಾನಾವಳಿಯಲ್ಲಿ

ಹದಿನೆಂಟನೇ ಶತಮಾನದ ಇಟಲಿಯ ನಾಟಕಕಾರ ಕಾರ್ಲೊ ಗೋಲ್ದೊನಿಯ ‘ಇಬ್ಬರು ಧಣಿಗಳ ಆಳು’ ನಾಟಕ ಮಾಡೋಣ ಅಂದಾಗ ನಮ್ಮ ವಿಜಯಪುರದ ಹುಡುಗರಿಂದ ಬಂದ ಮೊದಲ ಸಲಹೆ, “ಸರ, ಈಗಿನ ಕಾಲಕ್ಕ ತರೂಣ್ರಿ, ಎಲ್ಲಾರ ಕೈಯಾಗ ಮೊಬೈಲ್ ಇರ್ಲಿ.” ಕಥೆ ಹೇಳಿ ಮುಗಿಸುವಷ್ಟರಲ್ಲಿ ಅದು ಬಿದ್ದುಹೋಯಿತು. ಸತ್ತ ಅಣ್ಣನ ವೇಷದಲ್ಲಿ ಬೆಯಾತ್ರಿಚೆ ವೆನಿಸ್ಸಿಗೆ ಬರುತ್ತಾಳೆ. ಆ ಅಣ್ಣನನ್ನು ಕೊಂದು ಓಡಿಬಂದ ಅವಳ ಪ್ರಿಯಕರ ಫ್ಲೊರಿಂದೊ ಅದೇ ವಸತಿಗೃಹದಲ್ಲಿದ್ದಾನೆ. ಇಬ್ಬರಿಗೂ ಒಬ್ಬನೇ ಆಳು, ತ್ರುಫಾಲ್ದಿನೊ; ಅದು ಇಬ್ಬರಿಗೂ ಗೊತ್ತಿಲ್ಲ. ಯಾರೋ ಒಬ್ಬರು ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರೂ ಮೊದಲ ಅಂಕದಲ್ಲೇ ಮಂಗಳ ಹಾಡಬೇಕು.

ಹಾಗಾಗಿ 1974ರ ಬಿಜಾಪುರ. ಇಂಗ್ಲಿಷ್ ನಾಟಕಕಾರ ರಿಚರ್ಡ್ ಬೀನ್ ಇದೇ ನಾಟಕವನ್ನು 2011ರಲ್ಲಿ 1963ರ ಇಂಗ್ಲೆಂಡಿನ ಬ್ರೈಟನ್ ಊರಿಗೆ ಒಯ್ದಿದ್ದು ನನಗೆ ಧೈರ್ಯ ಕೊಟ್ಟಿತ್ತು. ಮೀಟರ್ ಗೇಜ್ ರೈಲು, ಟಾಂಗಾ, ಟ್ರಂಕ್ ಕಾಲ್, ಕೈಗೆ ಕೈ ದಾಟಿ ಬರುವ ಕಾಗದ: ಗೊತ್ತಿಲ್ಲದ ಮುಖ ಲಾಡ್ಜಿಗೆ ಬಂದು ಹೇಳಿದ ಹೆಸರನ್ನೇ ನಂಬುವ ಕಾಲ ಅದು. ಮೂಲದ ವೆನಿಸ್ಸಿನ ವ್ಯಾಪಾರಿ ಪಂತಲೋನೆ ಅಡತಿ ಅಂಗಡಿಯ ಸಾಹುಕಾರನಾದ. ಲ್ಯಾಟಿನ್ ಉದುರಿಸುವ ಪಂಡಿತ ದೊತ್ತೋರೆ, ಮಾತುಮಾತಿಗೆ ಸೆಕ್ಷನ್ ನಂಬರ್ ಹೇಳುವ ವಕೀಲನಾದ. ಬೆರ್ಗಮೊದ ಆಳು ಇಂಡಿ ಕಡೆಯಿಂದ ಬಂದ. ಬೆಲ್ ಬಾಟಮ್, ಅಗಲ ಕಾಲರು, ಮರ್ಫಿ ರೇಡಿಯೊ ಎಲ್ಲ ಅವರವರ ಮನೆಯ ಅಟ್ಟದಿಂದಲೇ ಇಳಿದವು. ಅದಕ್ಕೆ ಹುಡುಗರಿಗೆ ಹೇಳಿಕೊಡಬೇಕಾಗಲಿಲ್ಲ.

ಮೂಲದಲ್ಲಿ ಹಸಿದ ಆಳು ಕಾಗದ ಅಂಟಿಸಲು ಬ್ರೆಡ್ಡು ಅಗಿಯುತ್ತಾನೆ, ಅಗಿದದ್ದನ್ನು ನುಂಗಿಬಿಡುತ್ತಾನೆ. ನಮ್ಮವನಿಗೆ ಅನ್ನದ ಅಗುಳು ಕೊಟ್ಟೆವು. ಅಂಟಿಸಲು ತಂದ ಅಗುಳೆಲ್ಲ ಒಂದೊಂದೇ ಬಾಯಿಗೆ ಹೋಗುತ್ತವೆ. ವಿವರಣೆಯೇ ಬೇಡ, ಮುಂದಿನ ಸಾಲಿನ ಅಜ್ಜಿಯರು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಊಟದ ದೃಶ್ಯಕ್ಕೆ ಮಾತ್ರ ಬೆವರು ಸುರಿಸಿದೆವು. ಎಡಕ್ಕೊಂದು ಖೋಲಿ, ಬಲಕ್ಕೊಂದು, ಹಿಂದೆ ಖಾನಾವಳಿಯ ಅಡಿಗೆಮನೆ. ಇಬ್ಬರು ಧಣಿಗಳು ಒಂದೇ ಹೊತ್ತಿಗೆ ಊಟ ಕೇಳುತ್ತಾರೆ, ಒಬ್ಬರಿಗೊಬ್ಬರು ಕಾಣಬಾರದು. ಮೊದಲು ಬರಿಗೈಯಲ್ಲಿ, ಚಪ್ಪಾಳೆಯ ಲಯಕ್ಕೆ ಓಡಾಟ. ಆಮೇಲೆ ಖಾಲಿ ಸ್ಟೀಲ್ ತಾಟು. ಸ್ಟೀಲು ಬಿದ್ದರೆ ಮುಂದಿನ ಮಾತೇ ಕೇಳಿಸುವುದಿಲ್ಲ, ಹಾಗಾಗಿ ಬೀಳುವ ತಾಟಿಗೂ ಒಂದು ಜಾಗ ಗೊತ್ತುಮಾಡಿದೆವು. ಕೊನೆಗೆ ನಿಜವಾದ ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ. ಗೋಲ್ದೊನಿಯ ಆಳು ಪುಡಿಂಗಿನ ರುಚಿ ನೋಡುವ ಕಡೆ ನಾವು ಮಾದಲಿ, ಅಂದರೆ ಗೋಧಿ-ಬೆಲ್ಲದ ಸಿಹಿ ಪುಡಿ, ಇಟ್ಟೆವು. ಒಣ ಮಾದಲಿ ಬಾಯಿ ತುಂಬಿಕೊಂಡವನನ್ನು ಎರಡೂ ಖೋಲಿಯಿಂದ ಒಟ್ಟಿಗೆ ಕರೆದರೆ “ಬಂದೆರಿ ಧಣೇರ” ಅನ್ನುವುದು ಹೇಗೆ? ಪುಡಿ ಗಂಟಲಿಗೆ ಹತ್ತಬಾರದೆಂದು ಅದಕ್ಕೆ ಹಾಲು ಕಲಸಿಟ್ಟಿರುತ್ತಿದ್ದೆವು. ಪ್ರೇಕ್ಷಕರಿಗೆ ಅದು ಕಾಣಲಿಲ್ಲ.

ಇನ್ನೊಂದು ಜಗ್ಗಾಟ ನಡೆದದ್ದು ಆಶುಮಾತಿನ ಬಗ್ಗೆ. ಗೋಲ್ದೊನಿ ಪಿಸಾದಲ್ಲಿ ವಕೀಲಿಕೆ ಮಾಡುತ್ತಿದ್ದಾಗ ಆಂತೊನಿಯೊ ಸಾಕ್ಕಿ ಎಂಬ ನಟನಿಗಾಗಿ ಇದನ್ನು ಬರೆದ. ಮೊದಲು ಬಹಳಷ್ಟು ಮಾತನ್ನು ನಟರಿಗೇ ಬಿಟ್ಟಿದ್ದ. ಬೇರೆ ನಟರು ಅದನ್ನು ಕೆಡಿಸಿಯಾರೆಂದು ಆಮೇಲೆ ಪೂರ್ತಿ ಬರೆದು 1753ರಲ್ಲಿ ಅಚ್ಚಿಗೆ ಕೊಟ್ಟ. ನಮ್ಮ ಹುಡುಗರು ಶ್ರೀಕೃಷ್ಣ ಪಾರಿಜಾತ ನೋಡಿ ಬೆಳೆದವರು. ಭಾಗವತನಿಗೂ ದೂತಿಗೂ ನಡೆಯುವ ಮಾತಿನ ಕಾಳಗ ಅವರಿಗೆ ಬಾಯಿಪಾಠ. ಬಿಟ್ಟರೆ ಬೆಳತನಕ ಮಾತಾಡಿಯಾರು! ನಾನು ಗೋಲ್ದೊನಿಯ ಪಕ್ಷ. ಪ್ರೇಮಿಗಳ ದೃಶ್ಯದಲ್ಲಿ ಒಂದು ಅಕ್ಷರ ಹೆಚ್ಚಾಗಕೂಡದು. ಆಳು ಸಭಿಕರ ಕಡೆ ತಿರುಗಿದಾಗ ಮಾತ್ರ ಬಾಯಿಗೆ ಬಂದದ್ದು ಆಡಬಹುದು, ವಕೀಲ ಕೆಮ್ಮಿದ ಕೂಡಲೇ ನಿಲ್ಲಿಸಬೇಕು ಎಂದು ಕಟ್ಟು ಹಾಕಿದೆ.

ಕಂದಗಲ್ಲ ಶ್ರೀ ಹನುಮಂತರಾಯ ರಂಗಮಂದಿರದಲ್ಲಿ ಆಟ. ಆಳು ಟಾಂಗಾ ಬಾಡಿಗೆಯ ಮಾತು ತೆಗೆದದ್ದೇ ತಡ, ಹಿಂದಿನಿಂದ ಹಿರಿಯರೊಬ್ಬರು ಕೂಗಿದರು: “ಗೋಳಗುಮ್ಮಟಕ್ಕ ಎಂಟಾಣೆಕ್ಕ ಬರ್ತಿಯೇನೋ?” ಹುಡುಗ ತಡವರಿಸಲಿಲ್ಲ. “ಬರ್ತೀನ್ರಿ ಯಜಮಾನ್ರ, ಆದ್ರ ಎಂಟಾಣೆ ಅಂತ ಗುಮ್ಮಟದಾಗ ನಿಂತು ಒದರ್ರಿ. ಎಷ್ಟು ಸಲ ಕೇಳಿಸ್ತೈತಿ, ಅಷ್ಟು ಸಲ ಕೊಡ್ರಿ!” ವಕೀಲ ಎರಡು ಸಲ ಕೆಮ್ಮಿದರೂ ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮರುದಿನ ಆ ಮಾತನ್ನು ಪ್ರತಿಯಲ್ಲಿ ಬರೆದುಕೊಂಡೆವು, ಹಿಂದಿನ ಸಾಲಿನಿಂದ ಆ ಪ್ರಶ್ನೆ ಕೂಗಲು ಒಬ್ಬ ಹುಡುಗನನ್ನೂ ಗೊತ್ತುಮಾಡಿದೆವು.