ರೊಟ್ಟಿ ಹಂಚು ಇಡುವ ಮೊದಲು ಒಂದು ಅಧ್ಯಾಯ

ಹೊಸ ವರ್ಷದ ಆರಾಧನೆ ಮುಗಿಸಿ ಬಂದು, 'ಈ ವರ್ಷ ಇಡೀ ಸತ್ಯವೇದ ಓದಿ ಮುಗಿಸೂದ' ಅಂತ ಬೈಬಲಿನ ಮೊದಲ ಪುಸ್ತಕ ಆದಿಕಾಂಡ ತೆರೆಯುವ ಹೆಣ್ಣುಮಕ್ಕಳು ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ-ಬೆಟಗೇರಿ ಸಭೆಗಳಲ್ಲಿ ಬಹಳ. ದಿನಕ್ಕೆ ಮೂರು ಅಧ್ಯಾಯದ ಲೆಕ್ಕ. ಆದಿಕಾಂಡದ 50 ಅಧ್ಯಾಯ, ವಿಮೋಚನಕಾಂಡದ ಮೊದಲ 24 ಕಥೆಯಂತೆ ಓಡಿಸಿಕೊಂಡು ಹೋಗುತ್ತವೆ. ಜನವರಿ 25ರ ಸುಮಾರಿಗೆ ವಿಮೋಚನಕಾಂಡದ 25ನೇ ಅಧ್ಯಾಯ ಬರುತ್ತದೆ. ದೇವದರ್ಶನ ಗುಡಾರದ ಅಳತೆ, ಹಲಗೆ, ಪರದೆ, ಕೊಂಡಿ ಶುರುವಾಗುತ್ತವೆ. ತಿಂಗಳ ಕೊನೆಗೆ ಬಲಿ, ಶುದ್ಧಿಯ ನಿಯಮಗಳ ಯಾಜಕಕಾಂಡ. ಓದು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ 'ನನಗ ಭಕ್ತಿ ಸಾಲದು' ಎಂಬ ಕೊರಗು. ಭಕ್ತಿಗೆ ಏನೂ ಆಗಿರುವುದಿಲ್ಲ. ಓದುವ ಹೊತ್ತನ್ನೂ ಓದುವ ಪಾಲನ್ನೂ ತಪ್ಪಾಗಿ ಗೊತ್ತುಮಾಡಿಕೊಂಡಿರುತ್ತಾರೆ, ಅಷ್ಟೆ.

ಪುಸ್ತಕ

ನಲವತ್ತು ದಾಟಿದವರು ದೊಡ್ಡ ಅಕ್ಷರದ ಪ್ರತಿ ಕೇಳಿ ತೊಗೊಳ್ಳಿ. ಜಿಪ್ ಇರುವ ರೆಕ್ಸಿನ್ ಕವರ್ ಬೇಡ. ಒಂದೆರಡು ವರ್ಷಕ್ಕೆ ಅದರ ಸಿಪ್ಪೆ ಏಳುತ್ತದೆ, ಮೇಲಾಗಿ ಜಿಪ್ ಹಾಕಿದ ಪುಸ್ತಕ ಮುಚ್ಚಿಯೇ ಉಳಿಯುತ್ತದೆ. ಹಳೆಯ ಅನುವಾದದ ವಾಕ್ಯಗಳು ಉದ್ದ ಅನ್ನಿಸಿದರೆ ಸರಳ ಭಾಷೆಯ ಅನುವಾದವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ರೈಲ್ವೆ ಕುಟುಂಬಗಳಲ್ಲಿ ತೆಲುಗು, ತಮಿಳು ಮನೆಮಾತಿನವರು ಇದ್ದಾರೆ. ಅವರು ತಮ್ಮ ಮಾತಿನ ಸತ್ಯವೇದವನ್ನೇ ಓದಲಿ.

ಪುಸ್ತಕ ಶೋಕೇಸಿನಲ್ಲೂ ಅಲಮಾರಿನ ಮೇಲೂ ಇರಬಾರದು. ನೀವು ಕೂಡುವ ಕುರ್ಚಿಯ ಹತ್ತಿರ ಇರಬೇಕು. ಕನ್ನಡಕ, ಪೆನ್ಸಿಲ್, ನಲವತ್ತು ಪುಟದ ನೋಟ್‌ಬುಕ್ ಅದರ ಜೊತೆಗೇ. ಹೈಲೈಟರ್, ಜೆಲ್ ಪೆನ್ ಮುಟ್ಟಬೇಡಿ. ಆ ತೆಳು ಕಾಗದದಲ್ಲಿ ಮಸಿ ಹಿಂದಿನ ಪುಟಕ್ಕೂ ಇಳಿಯುತ್ತದೆ.

ಹೊತ್ತು: ಎಲ್ಲರೂ ಎಡವುವ ಜಾಗ

'ಕೆಲಸ ಎಲ್ಲಾ ಮುಗದ ಮ್ಯಾಲೆ ಓದತೀನಿ' ಅನ್ನುವುದು ಮೊದಲ ತಪ್ಪು. ಮನೆಕೆಲಸಕ್ಕೆ ಮುಗಿಯುವ ಹೊತ್ತು ಅಂತ ಇಲ್ಲ. ರಾತ್ರಿ ಭಾಂಡೆ ತೊಳೆದು ಪುಸ್ತಕ ಹಿಡಿದರೆ ಮೂರನೇ ವಚನಕ್ಕೆ ಕಣ್ಣು ಮುಚ್ಚುತ್ತವೆ. 'ನಾಕಕ್ಕ ಏಳತೀನಿ' ಅನ್ನುವುದು ಎರಡನೆಯದು. ಹನ್ನೊಂದಕ್ಕೆ ಮಲಗುವ ಹೆಂಗಸು ನಾಲ್ಕಕ್ಕೆ ಎದ್ದರೆ ಅದು ಒಂದು ವಾರದ ಮಾತು. ಮೂರನೆಯದು ಗಡಿಯಾರ ನೋಡಿ ಗೊತ್ತುಮಾಡುವುದು. ಐದೂವರೆ ಅಂತ ಬರೆದಿಟ್ಟಿರುತ್ತೀರಿ, ಐದೂಕಾಲಿಗೆ ನಳ ಬರುತ್ತದೆ. ಬಿಂದಿಗೆ, ಬ್ಯಾರಲ್, ಟಾಕಿ ತುಂಬಿಸುವಷ್ಟರಲ್ಲಿ ಮಕ್ಕಳ ಡಬ್ಬಿಯ ಹೊತ್ತು ಆಗಿರುತ್ತದೆ.

ಗಡಿಯಾರಕ್ಕೆ ಬದಲು ಒಂದು ಕೆಲಸಕ್ಕೆ ಗಂಟು ಹಾಕಿ. ಮೂರು ದಿನ ಕ್ಯಾಲೆಂಡರಿನ ಹಿಂದೆ ಒಂದು ಚೀಟಿ ಸಿಕ್ಕಿಸಿ, ಎದ್ದಾಗಿನಿಂದ ಏನೇನು ಮಾಡಿದಿರಿ ಅಂತ ಸಾಲಾಗಿ ಬರೆಯಿರಿ: ಅಂಗಳ, ಚಹಾ, ರೊಟ್ಟಿ, ಪಲ್ಯ, ಡಬ್ಬಿ, ಸ್ಕೂಲ್ ವ್ಯಾನು. ಈ ಸಾಲಿನಲ್ಲಿ ಒಂದು ಕೆಲಸ ಪೂರ್ತಿ ಮುಗಿದು ಇನ್ನೊಂದು ಇನ್ನೂ ಶುರುವಾಗದ ಸಂದಿ ಎಲ್ಲಿದೆ ಎಂದು ನೋಡಬೇಕು.

ನಮ್ಮ ಕಡೆಯ ಮನೆಗಳಿಗೆ ಎಲ್ಲಕ್ಕಿಂತ ಗಟ್ಟಿಯಾದ ಸಂದಿ ಚಹಾ ಮತ್ತು ರೊಟ್ಟಿಯ ನಡುವಿನದು. ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟು ಯಾರಿಗಾಗಿಯೂ ಕಾಯುವುದಿಲ್ಲ. ಹಂಚು ಒಮ್ಮೆ ಒಲೆಯ ಮೇಲೆ ಕೂತರೆ ಕೊನೆಯ ರೊಟ್ಟಿ ಆಗುವ ತನಕ ಬಿಡುವಂತಿಲ್ಲ. ಅದಕ್ಕೇ ಓದು ಅದರ ಮೊದಲು ಆಗಬೇಕು. ಎಲ್ಲರಿಗೂ ಚಹಾ ಕೊಟ್ಟು, ನಿಮ್ಮ ಕಪ್ಪು ಹಿಡಿದು ಕುರ್ಚಿಗೆ ಬನ್ನಿ. ಎಸರಿಗೆ ನೀರು ಮಾತ್ರ ಇಟ್ಟು ಬರಬೇಡಿ. ಹೊತ್ತು ಉಳಿಯಿತು ಅನ್ನಿಸುತ್ತದೆ, ಆದರೆ ಕಣ್ಣು ಪುಸ್ತಕದ ಮೇಲೆ, ಕಿವಿ ಒಲೆಯ ಮೇಲೆ ಇರುತ್ತವೆ. ಒಲೆ ಆರಿರಲಿ.

ಈ ಸಂದಿ ಹೊಂದದಿದ್ದರೆ ಸ್ಕೂಲ್ ವ್ಯಾನು ಹೋದ ಗಳಿಗೆ ಇದೆ. ಬಾಗಿಲು ಹಾಕಿದವರೇ ಕೂಡಬೇಕು. ನಡುವೆ ಫೋನು ಕೈಗೆ ಬಂದರೆ ಆ ಸಂದಿ ಹೋಯಿತು. ನೌಕರಿಗೆ ಹೋಗುವವರಿಗೆ ಚಿಗರಿ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕರೆ ಹುಬ್ಬಳ್ಳಿ-ಧಾರವಾಡದ ನಡುವೆ ಒಂದು ಅಧ್ಯಾಯಕ್ಕೆ ಧಾರಾಳ ಹೊತ್ತಿದೆ. ರಾತ್ರಿ ಪಾಳಿಯ ನರ್ಸುಗಳು ಮನೆಗೆ ಬಂದು ಜಳಕ ಮಾಡುವ ಮೊದಲೇ ಓದಿಬಿಡಲಿ, ಜಳಕ ಆದ ಮೇಲೆ ನಿದ್ದೆ ಬಿಡುವುದಿಲ್ಲ.

ಎರಡನೇ ಸಂದಿಯೊಂದನ್ನು ಮೊದಲೇ ಗೊತ್ತುಮಾಡಿ ಇಡಿ. ನಳ ಬರುವ ದಿನದ ಓದು ಅಲ್ಲಿಗೆ ಹೋಗಲಿ. ಅವತ್ತು ಬೆಳಿಗ್ಗೆ ಎಲ್ಲಿ ಓದಲಿ ಅಂತ ಯೋಚಿಸುತ್ತ ಕೂತರೆ ಆ ದಿನ ತಪ್ಪುತ್ತದೆ.

ಇನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು. 'ಅತ್ತ್ಯಾರ, ಚಹಾ ಕೊಟ್ಟು ಹತ್ತು ನಿಮಿಷ ಓದಾಕ ಕುಂದರ್ತೀನ್ರಿ' ಅಂದರೆ ಸಾಕು. ಹೇಳದೆ ಕೂತವಳನ್ನು ಹತ್ತು ನಿಮಿಷದಲ್ಲಿ ನಾಲ್ಕು ಸಲ ಕರೆಯುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ. ಅತ್ತೆಯವರಿಗೆ ಕಣ್ಣು ಮಂದವಾಗಿದ್ದರೆ ಅವರ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿ.

1837ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದು ಬೆಳೆಸಿದ ಹಳೆಯ ಸಭೆಗಳ ಮನೆಗಳಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಇನ್ನೂ ಇದೆ. ಅದು ಇರಲೇಬೇಕು. ಆದರೆ ಅಲ್ಲಿ ಓದುವವರು ಬೇರೆ, ನಿಮ್ಮ ಅರ್ಧ ಗಮನ ಒಳಗಿನ ಕುಕ್ಕರಿನ ಮೇಲೆ. ಅದನ್ನು ನಿಮ್ಮ ಓದಿನ ಲೆಕ್ಕಕ್ಕೆ ಹಿಡಿಯಬೇಡಿ.

ಪಾಲು

ವಾರಕ್ಕೆ ಐದು ದಿನ, ದಿನಕ್ಕೆ ಒಂದೇ ಅಧ್ಯಾಯ. ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ, ವರ್ಷಕ್ಕೆ 52 ವಾರ. ಗುಣಿಸಿ ನೋಡಿದರೆ ವರ್ಷಕ್ಕೆ ಸರಿಯಾಗಿ ಮುಗಿಯುತ್ತದೆ. ಮಾರ್ಕನ 16 ಅಧ್ಯಾಯದಿಂದ ಶುರುಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಒಂದೊಂದು ಘಟನೆ ಬೇಗ ಬೇಗ ಸಾಗುತ್ತದೆ. ಆಮೇಲೆ ಲೂಕ, ಅಪೊಸ್ತಲರ ಕೃತ್ಯಗಳು. ಶನಿವಾರ ಬಿಟ್ಟುಬಿಡಿ, ಭಾನುವಾರ ಆರಾಧನೆಗೆ ಹೊರಡುವ ಮೊದಲು ಒಂದು ಕೀರ್ತನೆ.

ಕೂತ ಮೇಲೆ

ನಿನ್ನೆಯ ಕೊನೆಯ ಎರಡು ವಚನ ಓದಿಕೊಂಡು ಮುಂದೆ ಹೋಗಿ. ತುಟಿ ಅಲ್ಲಾಡಿಸಿ, ಮೆಲ್ಲಗೆ ಕೇಳುವಂತೆ ಓದಬೇಕು. ಕನ್ನಡದ ಉದ್ದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಮನಸ್ಸಿನಲ್ಲೇ ಓದುವವರು ಅಲ್ಲಿಗೆ ತಲುಪುವಷ್ಟರಲ್ಲಿ ಯಾರು ಯಾರಿಗೆ ಹೇಳಿದರು ಅನ್ನುವುದನ್ನೇ ಮರೆತಿರುತ್ತಾರೆ. ಓದಾದ ಮೇಲೆ ನೋಟ್‌ಬುಕ್ಕಿನಲ್ಲಿ ತಾರೀಕು, ಅಧ್ಯಾಯ, ಕಣ್ಣಿಗೆ ಬಿದ್ದ ಒಂದು ಸಂಗತಿ ಬರೆಯಿರಿ. ಒಂದೇ ಸಾಲು. ಪ್ರಾರ್ಥನೆ ಆ ಸಾಲಿನಿಂದ ಶುರುವಾಗಲಿ.

ಅಧ್ಯಾಯ ಪೂರ್ತಿ ಓದಬೇಕು ಅನ್ನುವುದು ಯಾಕೆಂದರೆ ಮಾರ್ಕನ 5ನೆಯದನ್ನೇ ನೋಡಿ. ಅಲ್ಲಿ ಹನ್ನೆರಡು ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸು ಇದ್ದಾಳೆ. ಯೇಸು ಬದುಕಿಸಿದ, ಯಾಯಿರನೆಂಬ ಸಭಾಮಂದಿರದ ಅಧಿಕಾರಿಯ ಮಗಳಿಗೂ ಹನ್ನೆರಡೇ ವರ್ಷ, ಅದು ಬರುವುದು 42ನೇ ವಚನದಲ್ಲಿ. ಒಬ್ಬಳು ಹುಟ್ಟಿದ ಕಾಲಕ್ಕೆ ಇನ್ನೊಬ್ಬಳ ನೋವು ಶುರುವಾಗಿದೆ. ಆ ಹೆಂಗಸು ದಾರಿಯಲ್ಲಿ ಯೇಸುವಿನ ಬಟ್ಟೆ ಮುಟ್ಟುತ್ತಾಳೆ, ಆ ಹುಡುಗಿಯ ಕೈಯನ್ನು ಯೇಸುವೇ ಹಿಡಿಯುತ್ತಾನೆ, ಹೆದರಿ ನಡುಗುತ್ತ ಬಂದವಳನ್ನು 'ಮಗಳೇ' ಅನ್ನುತ್ತಾನೆ. ಮುಟ್ಟಿನ ದಿನಗಳಲ್ಲಿ ಸತ್ಯವೇದ ಹಿಡಿಯಬಾರದು ಎಂಬ ಹಿಂಜರಿಕೆ ಇದ್ದವರು ಈ ಅಧ್ಯಾಯವನ್ನು ಎರಡು ಸಲ ಓದಲಿ, ಆ ದಿನಗಳಲ್ಲೇ ಓದಲಿ.

ಮುಂಜಾನೆ ವಾಟ್ಸಾಪಿಗೆ ಬರುವ ಹೂವಿನ ಚಿತ್ರದ ವಚನ ಓದು ಆಗುವುದಿಲ್ಲ. ದೇವರು ನಿಮಗೆ ಹಿತವನ್ನೇ ಯೋಚಿಸಿದ್ದಾನೆ ಅನ್ನುವ ಯೆರೆಮೀಯ 29:11 ಹೀಗೆ ಬಹಳ ಓಡಾಡುತ್ತದೆ. ಅದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಪತ್ರದ ಮಾತು. ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕು ಎಂದಿದೆ. ವರ್ಷಗಟ್ಟಲೆ ಕಾಯುತ್ತಿರುವ ಹೆಂಗಸಿಗೆ ಧೈರ್ಯ ಕೊಡುವುದು ಆ ಹಿಂದಿನ ವಚನ, ಚಿತ್ರದಲ್ಲಿ ಅದು ಇರುವುದೇ ಇಲ್ಲ. ರೊಟ್ಟಿ ಬಡಿಯುತ್ತ ಆಡಿಯೋ ಕೇಳುವುದು ಒಳ್ಳೆಯದೇ, ಆದರೆ ಬೆಳಿಗ್ಗೆ ಓದಿದ ಅಧ್ಯಾಯವನ್ನೇ ಹಾಕಿ ಕೇಳಿ. ಓದು ಬಾರದ ಹಿರಿಯರಿಗೆ ಮಾತ್ರ ಅದೇ ಓದು.

ತಪ್ಪಿದ ದಿನ

ಬಾಕಿ ತೀರಿಸಬೇಡಿ. ಮೂರು ದಿನ ತಪ್ಪಿತು ಅಂತ ನಾಲ್ಕನೇ ದಿನ ನಾಲ್ಕು ಅಧ್ಯಾಯ ಓದಲು ಕೂತವರು ಐದನೇ ದಿನ ಪುಸ್ತಕ ತೆಗೆಯುವುದಿಲ್ಲ. ನಿಂತ ಅಧ್ಯಾಯದಿಂದ ಒಂದೇ ಅಧ್ಯಾಯ ಓದಿ ಏಳಿ. ತಾರೀಕು ಅಚ್ಚಾದ ವರ್ಷದ ಪಟ್ಟಿ ಗೋಡೆಗೆ ಹಚ್ಚಬೇಡಿ. ಖಾಲಿ ಉಳಿದ ಚೌಕಗಳು ದಿನಾ ಕಣ್ಣಿಗೆ ಚುಚ್ಚುತ್ತವೆ. ನೋಟ್‌ಬುಕ್ಕಿನಲ್ಲಿ ಮಾರ್ಕನಿಗೆ 1ರಿಂದ 16 ಬರೆದು ಓದಿದ್ದಕ್ಕೆ ಗೆರೆ ಎಳೆದರೆ ಆಯಿತು. ಜ್ವರ, ಸಾವು, ಬಾಣಂತನ ಬಂದ ವಾರಗಳಿಗೆ 23ನೇ ಕೀರ್ತನೆಯ 6 ವಚನ, 121ರ 8 ವಚನ ಇವೆ. ಅವು ಪೂರ್ತಿ ಒಂದು ದಿನದ ಓದು.

ಯಾಜಕಕಾಂಡವನ್ನು ಬಿಟ್ಟೇಬಿಡಬೇಕೆಂದಲ್ಲ. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 13 ಅಧ್ಯಾಯ ಮುಗಿದ ವಾರ ಯಾಜಕಕಾಂಡದ 16ನೆಯದನ್ನು ತೆರೆಯಿರಿ, ಇಬ್ರಿಯದ 9ನೆಯದಕ್ಕೆ ಇನ್ನೊಂದು ಗುರುತು ಇಟ್ಟುಕೊಂಡು ಎರಡನ್ನೂ ಒಟ್ಟಿಗೆ ಓದಿ. ವಿಮೋಚನಕಾಂಡದ ಆ ಪರದೆ ಯಾವುದಕ್ಕೆ ಬೇಕಾಗಿತ್ತು ಅನ್ನುವುದೂ ಅಲ್ಲೇ ಸಿಗುತ್ತದೆ.