ಹುಳ ಜ್ವರಕ್ಕೆ ಕೂತ ದಿನ

ಇವತ್ತು ನಮ್ಮ ಹುಳ ನಾಲ್ಕನೇ ಜ್ವರಕ್ಕೆ ಕೂತಿದೆ. ಅದಕ್ಕೇ ಬರೆಯುವಷ್ಟು ಬಿಡುವು ಸಿಕ್ಕಿದೆ. ರೇಷ್ಮೆ ಗೊತ್ತಿಲ್ಲದವರು ಗಾಬರಿಯಾಗಬೇಡಿ, ಇದು ಕಾಯಿಲೆ ಅಲ್ಲ. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ತಲೆ ಎತ್ತಿಕೊಂಡು, ಸೊಪ್ಪು ಮುಟ್ಟದೆ, ಅಲ್ಲಾಡದೆ ಒಂದು ದಿನ ಹಾಗೇ ಕೂತಿರುತ್ತದೆ. ಮೊಟ್ಟೆಯಿಂದ ಗೂಡಿನವರೆಗೆ ಹೀಗೆ ನಾಲ್ಕು ಸಲ. ಆಗ ಮಾತ್ರ ಹುಳದ ಮನೆಯಲ್ಲಿ ಸದ್ದಿರುವುದಿಲ್ಲ, ನನ್ನ ಕೈಗೂ ಸ್ವಲ್ಪ ಬಿಡುವು.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ಜಂಗಮಕೋಟೆ ಹೋಬಳಿ. 2009ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ತವರು ಗೌರಿಬಿದನೂರು ಕಡೆ. ಅಲ್ಲಿ ಮುಸುಕಿನ ಜೋಳ, ಕಡಲೆಕಾಯಿ ಬಿಟ್ಟರೆ ನನಗೆ ಬೇರೆ ಬೆಳೆ ಗೊತ್ತಿರಲಿಲ್ಲ. ರೇಷ್ಮೆ ಹುಳವನ್ನು ಮೊದಲು ಮುಟ್ಟಿದ್ದು ಈ ಮನೆಯಲ್ಲೇ. ತಣ್ಣಗೆ, ಮೆತ್ತಗೆ ಇತ್ತು. ಕೈ ಹಿಂದಕ್ಕೆ ಎಳೆದುಕೊಂಡೆ.

ಹೋದ ತಿಂಗಳು ಒಂದು ಬ್ಯಾಂಕಿಗೆ ಹೋಗಿದ್ದೆ. ಅರ್ಜಿ ತುಂಬಿಸುತ್ತಿದ್ದವರು 'ಏನು ಕೆಲಸ ಮಾಡ್ತೀರಮ್ಮ?' ಅಂದರು. 'ರೇಷ್ಮೆ' ಅಂದೆ. 'ಅದು ಯಜಮಾನರದ್ದು. ನಿಮ್ಮದು?' ಅಂತ ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ 'ಗೃಹಿಣಿ' ಅಂತ ಬರೆದೇಬಿಟ್ಟರು. ಹಿಂದೆ ಜನ ಸಾಲು ನಿಂತಿದ್ದರು, ಸುಮ್ಮನಾದೆ. ಬಸ್ಸಿನಲ್ಲಿ ಬರುವಾಗ ಪೂರ್ತಿ ಅದೇ ಯೋಚನೆ. ಗೃಹಿಣಿ ಅನ್ನುವುದು ಕೀಳು ಪದ ಅಂತಲ್ಲ. ಅಡುಗೆ ಮಾಡುವುದೂ, ಮಕ್ಕಳನ್ನು ಸ್ಕೂಲಿಗೆ ಕಳಿಸುವುದೂ ನಾನೇ. ಆದರೆ ಇಷ್ಟು ವರ್ಷ ಕಲಿತು ಮಾಡುತ್ತಿರುವ ಕಸುಬು ಒಂದಿದೆ. ಅದು ಏನು, ಹೇಗೆ ಮಾಡುತ್ತೇನೆ ಅಂತ ಒಂದು ಸಲ ಬರೆದಿಡೋಣ ಅನಿಸಿತು.

ಕಲಿಸಿದ್ದು ನಮ್ಮ ಅತ್ತೆ. ಪಾಠ ಅಂತ ಏನೂ ಹೇಳಿದವರಲ್ಲ. ಬೆಳಿಗ್ಗೆ ಹುಳದ ಮನೆ ಬಾಗಿಲು ತೆಗೆದ ತಕ್ಷಣ ಒಳಗೆ ಹೋಗದೆ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ನನ್ನನ್ನೂ ನಿಲ್ಲಿಸುತ್ತಿದ್ದರು. 'ಮೊದಲು ಮೂಗಲ್ಲಿ ನೋಡಮ್ಮ, ಆಮೇಲೆ ಕಣ್ಣಲ್ಲಿ ನೋಡುವಂತೆ' ಅನ್ನುತ್ತಿದ್ದರು. ಹುಳ ಚೆನ್ನಾಗಿದ್ದರೆ ಹಸಿ ಸೊಪ್ಪಿನ ವಾಸನೆ. ಹುಳಿ ಹುಳಿ ವಾಸನೆ ಬಂತೋ, ಎಲ್ಲೋ ಸಪ್ಪೆ ರೋಗ ಶುರುವಾಗಿದೆ ಅಂತ. ಯಾವ ಅಂಕಣ ಅಂತ ಹುಡುಕಿ, ಸತ್ತ ಹುಳ ಆರಿಸಿ, ಹಾಸಿಗೆ ಅಂದರೆ ಕೆಳಗೆ ಉಳಿದ ಸೊಪ್ಪು, ಹಿಕ್ಕೆ ತೆಗೆದು, ಸುಣ್ಣ ಹಾಕಬೇಕು. ಒಂದು ದಿನ ಅಸಡ್ಡೆ ಮಾಡಿದರೆ ಮೂರನೇ ದಿನಕ್ಕೆ ಬುಟ್ಟಿಗಟ್ಟಲೆ ಹೊರಗೆ ಸುರಿಯಬೇಕಾಗುತ್ತದೆ. ಹಾಲು ರೋಗ ಬಂದ ಹುಳ ಗೆಣ್ಣು ಗೆಣ್ಣಾಗಿ ಊದಿಕೊಂಡು ಅಂಚಿನಲ್ಲಿ ಸುಮ್ನೆ ಓಡಾಡುತ್ತದೆ. ಸುಣ್ಣಕಟ್ಟು ಬಂದದ್ದು ಸತ್ತು ಸೀಮೆಸುಣ್ಣದ ಕಡ್ಡಿಯಂತಾಗುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿಲ್ಲ. ಅತ್ತೆಯ ಬೆರಳು ತೋರಿಸಿದ ಕಡೆ ನೋಡಿ ನೋಡಿ ಕಲಿತೆ.

ನಾನು ಬಂದ ಎರಡನೇ ವರ್ಷಕ್ಕೇ ಈ ಕಸುಬಿನ ಇನ್ನೊಂದು ಮುಖವನ್ನೂ ನೋಡಿದೆ. 2011ರಲ್ಲಿ ಹೊರಗಿನ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ಗೂಡಿನ ರೇಟು ಬಿದ್ದುಹೋಯಿತು. ನಮ್ಮ ಸುತ್ತಮುತ್ತ ಎಷ್ಟೋ ಜನ ಹುಳಕ್ಕೆ ಸೊಪ್ಪು ಕೊಡುವ ಹಿಪ್ಪುನೇರಳೆ ಗಿಡ ಕಿತ್ತು ಹಾಕಿದರು. ನಮ್ಮ ಮಾವನೂ ಕೀಳಿಸುತ್ತೇನೆ ಅಂತ ಎದ್ದರು. ಅತ್ತೆ ಮಾತ್ರ ಬಿಡಲಿಲ್ಲ. ಆಮೇಲೆ ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿ, ಹುಳದ ಮನೆಯ ಬೀಗದ ಕೈ ನನ್ನ ಸೆರಗಿಗೆ ಬಂತು. ಅಂದಿನಿಂದ ಹುಳ ನನ್ನದು.

ಈಗ ನಮಗೆ ವಿ-1 ಅನ್ನುವ ತಳಿಯ ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ. ಎರಡು ಭಾಗ ಮಾಡಿಕೊಂಡು ಒಂದಾದ ಮೇಲೊಂದು ಕೊಯ್ಯುತ್ತೇವೆ. ನೀರಿಗೆ ಬೋರ್‌ವೆಲ್ಲೇ ಗತಿ. ಈ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಒಂದು ಬೆಳೆಗೆ 150 ಮೊಟ್ಟೆ ಸಾಕುತ್ತೇನೆ. ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಪೂರ್ತಿ ಗುಂಪು, ಒಂದೊಂದರಲ್ಲಿ 400ಕ್ಕೂ ಜಾಸ್ತಿ ಹುಳ. ಹಾಗಾಗಿ ಒಂದು ಸಲಕ್ಕೆ ಅರವತ್ತು ಸಾವಿರಕ್ಕಿಂತ ಹೆಚ್ಚು ಬಾಯಿ. ಮೊದಲೆರಡು ಜ್ವರ ಚಾಕಿ, ಅಂದರೆ ಮರಿ ಹುಳ, ಸಾಕಿ ಕೊಡುವ ಸೆಂಟರಿನಲ್ಲೇ ಮುಗಿದಿರುತ್ತದೆ. ನನ್ನ ಕೈಗೆ ಬಂದ ಮೇಲೆ ಸುಮಾರು ಹದಿನೆಂಟು ದಿನದ ಕೆಲಸ.

ಆ ಹದಿನೆಂಟು ದಿನದಲ್ಲೂ ಕೊನೆಯ ಏಳೇ ದಿನ ಪ್ರಾಣ ಹಿಂಡುವುದು. ಹುಳ ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ನಾಲ್ಕನೇ ಜ್ವರ ಮುಗಿಸಿ ಎದ್ದ ಮೇಲೆಯೇ ತಿನ್ನುವುದು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಕಡ್ಡಿ ಸಮೇತ ಸೊಪ್ಪು ಹಾಸುತ್ತೇನೆ. ಹುಳ ಮೇಯುವ ಸದ್ದು ಮಳೆ ಬಂದ ಹಾಗೆ ಅಂತ ನೋಡಲು ಬಂದವರೆಲ್ಲ ಹೇಳುತ್ತಾರೆ. ನಿಜವೇ. ಆದರೆ ನಾನು ಕೇಳುವುದು ಬೇರೆ. ಹಾಕಿದ ಎರಡೇ ಗಂಟೆಗೆ ಸದ್ದು ಅಡಗಿದರೆ ಸೊಪ್ಪು ಸಾಲಲಿಲ್ಲ ಅಂತ. ಎಲ್ಲ ಅಂಕಣದಲ್ಲೂ ಸದ್ದಿದ್ದು ಮೂಲೆಯ ಒಂದರಲ್ಲಿ ಕಮ್ಮಿ ಇದ್ದರೆ ಅಲ್ಲಿ ಏನೋ ಆಗಿದೆ ಅಂತ. ರಾತ್ರಿ ದೀಪ ಹಾಕದೆ ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಕತ್ತಲಲ್ಲಿ ಕಿವಿಗೆ ಚೆನ್ನಾಗಿ ತಿಳಿಯುತ್ತದೆ.

ಊಜಿ ನೊಣದ ಕಾಟ ಬೇರೆ. ಅತ್ತೆಯ ಮದುವೆಯ ಕಾಲದಲ್ಲಿ ಅದು ಇರಲೇ ಇಲ್ಲವಂತೆ. 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂತು. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಅಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಆ ಹುಳ ಗೂಡು ಕಟ್ಟಿದರೂ ಊಜಿ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಕಿಟಕಿ ಬಾಗಿಲಿಗೆಲ್ಲ ಬಲೆ ಹೊಡೆಸಿದ್ದೇವೆ. ಆದರೂ ಬಾಗಿಲು ತೆಗೆದಾಗ ಒಂದೇ ಒಂದು ನೊಣ ಒಳಗೆ ಬಂದರೆ ಅದು ಸಿಗುವವರೆಗೆ ನನಗೆ ಊಟ ಸೇರುವುದಿಲ್ಲ.

ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಅದರ ಹೊಗೆ ಹುಳಕ್ಕೆ ವಿಷ. ನನ್ನ ಇಬ್ಬರು ಮಕ್ಕಳೂ ಸೊಳ್ಳೆ ಪರದೆಯೊಳಗೇ ಬೆಳೆದರು. ಹುಳದ ಮನೆಗೆ ಹೋಗುವ ಮುಂಚೆ ಪೌಡರ್, ಸೆಂಟು ಯಾವುದೂ ಇಲ್ಲ. ಚಪ್ಪಲಿ ಹೊರಗೆ. ಬ್ಲೀಚಿಂಗ್ ನೀರಿನ ಗೋಣಿ ತಾಟಿನ ಮೇಲೆ ಕಾಲಿಟ್ಟೇ ಒಳಗೆ. ಬೀಡಿ ಸೇದಿದ ಕೈಯಲ್ಲಿ ಯಾರೂ ಸೊಪ್ಪು ಮುಟ್ಟುವಂತಿಲ್ಲ. ಮಾವನ ಹತ್ತಿರ ಈ ಮಾತು ಹೇಳಲು ಮೊದಲ ಸಲ ನನಗೆ ಗಂಟಲೇ ಬರಲಿಲ್ಲ. ಅವರೇ ಒಂದು ದಿನ ಕೈ ತೊಳೆದುಕೊಂಡು ಬಂದು ತೋರಿಸಿದರು.

2018ರ ಬೇಸಿಗೆಯ ಒಂದು ಬೆಳೆಯನ್ನು ಮರೆಯಲಾಗುವುದಿಲ್ಲ. ನಾಲ್ಕನೇ ಜ್ವರ ಎದ್ದು ಐದನೇ ದಿನ. ಹುಳ ಬೆರಳು ದಪ್ಪ ಆಗಿತ್ತು, ಸೊರಗಿದ್ದು ಒಂದೂ ಇರಲಿಲ್ಲ. ಬೆಳಿಗ್ಗೆ ಕೊಯ್ದ ಸೊಪ್ಪು ಹಾಕಿ ಅಡುಗೆ ಮನೆಗೆ ಬಂದೆ. ಒಂದು ಗಂಟೆ ಬಿಟ್ಟು ಹೋದರೆ ಸದ್ದೇ ಇಲ್ಲ. ಹುಳ ತಲೆ ಅತ್ತಿತ್ತ ಬಡಿಯುತ್ತಿತ್ತು, ಬಾಯಿಂದ ಹಸಿರು ನೀರು ಕಾರುತ್ತಿತ್ತು. ಪಕ್ಕದ ತೋಟದಲ್ಲಿ ಹಿಂದಿನ ಸಂಜೆ ಔಷಧಿ ಹೊಡೆದಿದ್ದರು. ಗಾಳಿ ನಮ್ಮ ಕಡೆ ಬೀಸಿತ್ತು. ಸೊಪ್ಪೆಲ್ಲ ಎತ್ತಿ ಹೊರಗೆ ಎಸೆದೆವು, ಬಾಗಿಲು ಕಿಟಕಿ ತೆಗೆದೆವು. ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ಹೋಗಿತ್ತು. ಹೊಲದ ಬದಿ ಗುಂಡಿ ತೋಡಿ, ಸುಣ್ಣ ಹಾಕಿ ಹೂತೆವು. ಅತ್ತೆ ಮಂಡಿ ಹಿಡಿದುಕೊಂಡೇ ಗುಂಡಿಯ ಹತ್ತಿರ ಬಂದು ಕೂತಿದ್ದರು. ಆ ರಾತ್ರಿ ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ.

ಪಕ್ಕದ ತೋಟದವರು ಬೇಕಂತ ಮಾಡಿದ್ದಲ್ಲ, ನನಗೆ ಗೊತ್ತು. ಆದರೆ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು. ಆ ಬದಿಯ ನಾಲ್ಕು ಸಾಲು ಸೊಪ್ಪನ್ನು ಈಗ ಹುಳಕ್ಕೆ ಹಾಕುವುದಿಲ್ಲ, ದನಕ್ಕೂ ಹಾಕುವುದಿಲ್ಲ. ಇನ್ನೊಂದು ಕೆಲಸ ತಪ್ಪದೆ ಮಾಡುತ್ತೇನೆ. ಕೊಯ್ದು ತಂದ ಸೊಪ್ಪಿನಲ್ಲಿ ನಾಲ್ಕೈದು ಎಲೆ ಕಿತ್ತು, ತಟ್ಟೆಯಲ್ಲಿ ಇಪ್ಪತ್ತು ಹುಳ ಬಿಟ್ಟು ಹಾಕುತ್ತೇನೆ. ಒಂದು ಗಂಟೆ ಕಾಯುತ್ತೇನೆ. ಅವು ಚೆನ್ನಾಗಿದ್ದರೆ ಮಾತ್ರ ಉಳಿದವಕ್ಕೆ. ಹುಳ ಸಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇದೊಂದು ಮಾಡಿ. ಒಂದು ಗಂಟೆ ಹೋದರೆ ಹೋಗಲಿ.

ಹುಳ ಹಣ್ಣಾಗುವ ರಾತ್ರಿ ನನಗೆ ಎಲ್ಲಕ್ಕಿಂತ ಇಷ್ಟ. ಸೊಪ್ಪು ತಿನ್ನುವುದು ನಿಲ್ಲಿಸುತ್ತದೆ, ಮೈ ತೆಳ್ಳಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಟಾರ್ಚ್ ಬೆಳಕು ಹಿಂದಿನಿಂದ ಬಿಟ್ಟರೆ ಒಳಗೆಲ್ಲ ಕಾಣುವ ಹಾಗೆ. ತಲೆ ಎತ್ತಿ ಎಲ್ಲಿ ನೂಲು ಅಂಟಿಸಲಿ ಅಂತ ಹುಡುಕುತ್ತಿರುತ್ತದೆ. ಆಗ ಒಂದೊಂದೇ ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬೇಗ ಬಿಟ್ಟರೆ ಗೂಡು ತೆಳು, ತಡವಾದರೆ ನೂಲು ಅಲ್ಲೇ ಸೊಪ್ಪಿನ ಮೇಲೆ ವೇಸ್ಟ್. ಪಕ್ಕದ ಮನೆಯ ಅಕ್ಕಂದಿರು ಮುಯ್ಯಿಗೆ ಬರುತ್ತಾರೆ, ಅವರ ಹುಳ ಹಣ್ಣಾದಾಗ ನಾನು ಹೋಗುತ್ತೇನೆ. ಮಾತು, ಕಾಫಿ, ಕೈ ಮಾತ್ರ ನಿಲ್ಲುವುದಿಲ್ಲ. ಬೆಳಗಿನ ಜಾವಕ್ಕೆ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಹುಳ ತನ್ನ ಸುತ್ತ ಮಂಜಿನಂತೆ ಒಂದು ಪದರ ಎಳೆದುಕೊಂಡಿರುತ್ತದೆ, ಒಳಗೆ ತಲೆ ಆಡಿಸುವುದು ಇನ್ನೂ ಕಾಣುತ್ತದೆ. ಮಾರನೇ ದಿನಕ್ಕೆ ಅದೂ ಕಾಣುವುದಿಲ್ಲ.

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಕೇಳಿದಳು. 'ಅಮ್ಮ, ನೂಲು ತೆಗೆಯೋಕೆ ಗೂಡು ಬೇಯಿಸುವಾಗ ಒಳಗಿರೋದು ಸಾಯುತ್ತೆ ಅಲ್ವಾ?' ಹೌದು ಅಂದೆ. 'ನಿನಗೆ ಬೇಜಾರಾಗಲ್ವಾ?' ಆಗುತ್ತೆ ಅಂದೆ. ಅದಕ್ಕಿಂತ ಜಾಸ್ತಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ, ಈಗಲೂ ಇಲ್ಲ. ಸುಳ್ಳು ಹೇಳಬಾರದು ಅನಿಸಿತು. ಅದರ ಅನ್ನ ಉಣ್ಣುತ್ತಿದ್ದೇವೆ, ಇರುವಷ್ಟು ದಿನ ಹಸಿವಾಗದ ಹಾಗೆ, ರೋಗ ಬರದ ಹಾಗೆ ನೋಡಿಕೊಳ್ಳುತ್ತೇನೆ. ಅಷ್ಟೇ.

ಮಾರುಕಟ್ಟೆಗೆ ಮೊದಲೆಲ್ಲ ಗಂಡನೇ ಹೋಗುತ್ತಿದ್ದರು. 2017ರಲ್ಲಿ ಅವರಿಗೆ ಹುಷಾರಿಲ್ಲದೆ ನಾನೇ ಟೆಂಪೋದಲ್ಲಿ ಗೂಡು ಹಾಕಿಕೊಂಡು ಶಿಡ್ಲಘಟ್ಟಕ್ಕೆ ಹೋದೆ. ರಾಮನಗರ ಬಿಟ್ಟರೆ ದೊಡ್ಡ ಗೂಡಿನ ಮಾರುಕಟ್ಟೆ ಅದು. ಹೆಂಗಸರು ಕಮ್ಮಿ, ಗದ್ದಲ ಜಾಸ್ತಿ. ಗೂಡು ಕೊಂಡು ನೂಲು ಬಿಚ್ಚುವ ಒಬ್ಬರು ರೀಲರ್ ಬಂದು ನಮ್ಮ ಗೂಡಿನ ರಾಶಿಗೆ ಮೊಣಕೈವರೆಗೆ ಕೈ ಹಾಕಿ ಅಡಿಯಿಂದ ಹಿಡಿ ಗೂಡು ತೆಗೆದರು. ಎರಡು ಬೆರಳಲ್ಲಿ ಅಮುಕಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. 'ಯಾರಮ್ಮ ಸಾಕಿದ್ದು?' ಅಂದರು. 'ನಾನೇ' ಅಂದೆ. 'ಗೂಡು ಗಟ್ಟಿ ಇದೆ, ಜಳ್ಳೇ ಇಲ್ಲ' ಅಂದರು. ಅವತ್ತು ಕೆ.ಜಿ.ಗೆ 410 ರೂಪಾಯಿ ಬಂತು. ಅದಕ್ಕಿಂತ ಜಾಸ್ತಿ ರೇಟು ಆಮೇಲೆ ಎಷ್ಟೋ ಸಲ ಬಂದಿದೆ, 2020ರ ಲಾಕ್‌ಡೌನ್‌ನಲ್ಲಿ ಅದರ ಅರ್ಧವೂ ಬಂದಿಲ್ಲ. ಆದರೆ ಆ ದಿನದ ಹಾಗೆ ಎದೆ ತುಂಬಿದ್ದಿಲ್ಲ. ಕಸುಬು ಬಲ್ಲವರೊಬ್ಬರು ನನ್ನ ಕೈಯ ಕೆಲಸವನ್ನು ಮುಟ್ಟಿ ನೋಡಿ ಚೆನ್ನಾಗಿದೆ ಅಂದದ್ದು ಅದೇ ಮೊದಲು.

ಕಷ್ಟ ಇಲ್ಲವಾ ಅಂದರೆ ಇದೆ. ಹುಳ ಇದ್ದಾಗ ಮನೆ ಬಿಟ್ಟು ಕದಲುವಂತಿಲ್ಲ. ನನ್ನ ತಂಗಿಯ ಮದುವೆಗೆ ಧಾರೆ ಮುಹೂರ್ತಕ್ಕೆ ಹೋಗಿ ಊಟಕ್ಕೂ ಕೂರದೆ ವಾಪಸ್ ಬಂದೆ. ಅವಳು ಈಗಲೂ ಆ ಮಾತು ಎತ್ತುತ್ತಾಳೆ.

ನಮ್ಮ ಮನೆಯಲ್ಲಿ ಬೆಳೆಗೊಂದು ಲೆಕ್ಕ ಬರೆಯುತ್ತೇವೆ. ಚಾಕಿ ಇಷ್ಟು, ಗೊಬ್ಬರ ಇಷ್ಟು, ಚಂದ್ರಿಕೆ ಬಾಡಿಗೆ ಇಷ್ಟು, ಸೊಪ್ಪು ಕೊಯ್ಯಲು ಬಂದವರ ಕೂಲಿ ಇಷ್ಟು. ಬ್ಯಾಂಕಿಂದ ಬಂದ ದಿನ ರಾತ್ರಿ ಆ ಪುಸ್ತಕ ತೆಗೆದು ಹಿಂದಿನ ಹಾಳೆಗಳನ್ನೆಲ್ಲ ತಿರುವಿದೆ. ಒಂದು ಬೆಳೆಯಲ್ಲೂ ನನ್ನ ಕೂಲಿ ಇಲ್ಲ. ಯಾರೂ ಮುಚ್ಚಿಟ್ಟದ್ದಲ್ಲ, ಬರೆಯಬೇಕು ಅಂತ ಯಾರಿಗೂ ಹೊಳೆದಿಲ್ಲ, ಎಷ್ಟೋ ಹಾಳೆ ನನ್ನ ಅಕ್ಷರದಲ್ಲೇ ಇದೆ. ಹೋದ ಬೆಳೆಯ ಹಾಳೆಯಲ್ಲಿ ಕೊನೆಗೆ ಒಂದು ಸಾಲು ಸೇರಿಸಿದೆ. ನನ್ನ ಹೆಸರು, 18 ದಿನ, ದಿನಕ್ಕೆ 400 ರೂಪಾಯಿಯಂತೆ 7,200. ಲಾಭ ಅಷ್ಟು ಕಮ್ಮಿಯಾಯಿತು. ಗಂಡ ನೋಡಿದರು, ಏನೂ ಅನ್ನಲಿಲ್ಲ. ಈ ಬೆಳೆಗೆ ಚಾಕಿ ತಂದ ದಿನ ಹೊಸ ಹಾಳೆ ಅವರೇ ಶುರು ಮಾಡಿದ್ದಾರೆ. ಚಾಕಿ ದುಡ್ಡಿನ ಕೆಳಗೆ, ಎರಡನೇ ಸಾಲಿನಲ್ಲೇ, ನನ್ನ ಹೆಸರು ಬರೆದು ಮುಂದೆ ಜಾಗ ಬಿಟ್ಟಿದ್ದಾರೆ. ಬ್ಯಾಂಕಿನ ಅರ್ಜಿಯನ್ನೂ ತಿದ್ದಿಸಬೇಕು. ಈ ಗೂಡು ಮಾರಿದ ಮೇಲೆ ಹೋಗಿ 'ರೇಷ್ಮೆ ಸಾಕಣೆ' ಅಂತ ಬರೆಸಿಕೊಂಡೇ ಬರುತ್ತೇನೆ.

ಬರೆಯುತ್ತಾ ರಾತ್ರಿ ಒಂಬತ್ತಾಯಿತು. ಈಗ ಟಾರ್ಚ್ ತೆಗೆದುಕೊಂಡು ಹೋಗಿ ನೋಡಿ ಬಂದೆ. ಹತ್ತರಲ್ಲಿ ಏಳು ಎದ್ದಿವೆ, ಹೊಸ ಬಾಯಿ ಕಂದು ಬಣ್ಣಕ್ಕೆ ತಿರುಗಿದೆ. ಮೊದಲು ಎದ್ದದ್ದಕ್ಕೆ ಹಸಿವು, ನನ್ನ ಸದ್ದಿಗೇ ತಲೆ ಆಡಿಸುತ್ತಿವೆ. ಆದರೂ ಈಗ ಸೊಪ್ಪು ಹಾಕುವಂತಿಲ್ಲ, ಹಾಕಿದರೆ ಹಿಂದೆ ಉಳಿದವು ಚಿಕ್ಕವಾಗಿಯೇ ಉಳಿಯುತ್ತವೆ. ಎಲ್ಲವೂ ಏಳಬೇಕು. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ರೋಗ ಬರದ ಹಾಗೆ ಹುಳದ ಮೇಲೆ ಹಾಕುವ ವಿಜೇತ ಪೌಡರ್ ಉದುರಿಸಿ, ಅರ್ಧ ಗಂಟೆ ಬಿಟ್ಟು ಸೊಪ್ಪು ಹಾಕಬೇಕು. ಕಡ್ಡಿ ಸಂಜೆಯೇ ಕೊಯ್ದು ಒದ್ದೆ ಗೋಣಿ ಮುಚ್ಚಿಟ್ಟಿದ್ದೇನೆ. ಇಪ್ಪತ್ತು ಹುಳದ ತಟ್ಟೆಯೂ ಬಾಗಿಲ ಹತ್ತಿರ ಇದೆ.